ಒಂದೂಕಾಲು ಸುತ್ತು

ಸಂಜೆ ನಾಲ್ಕು ಗಂಟೆಗೆ ರೇಡಿಯೊ ಕೇಂದ್ರದ ಹಿಂಬದಿಯ ವರಾಂಡದಲ್ಲಿ ಏನೂ ಸಡಿಲವಾಗಲಿಲ್ಲ. ಅಂದು ಜುಲೈ ಇಪ್ಪತ್ಮೂರು, ಬುಧವಾರ. ನಮ್ಮ ಊರಿನಿಂದ ಹೋದವರು ನಾವು ನಾಲ್ವರಿದ್ದೆವು. ನಾಲ್ವರೂ ಎದ್ದು ನಿಂತು ಸೊಂಟ ಹಿಡಿದುಕೊಂಡಿದ್ದೆವು.

ನಮ್ಮ ಊರಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಬಿಗಿಯಾಗಿರುವುದೆಲ್ಲ ಸ್ವಲ್ಪ ಸಡಿಲವಾಗುತ್ತದೆ. ಹೊಲಿಗೆ ಬಿಚ್ಚುವುದಿಲ್ಲ, ಗೋಡೆ ಬೀಳುವುದಿಲ್ಲ, ಅಲ್ಲಿಯವರೆಗೆ ಹೋಗುವುದಿಲ್ಲ. ಹಗ್ಗ, ದಾರ, ತಂತಿ, ಲಾಡಿ, ಬೆಲ್ಟು, ಬೋಲ್ಟು ಒಂದು ಅಳತೆಯಷ್ಟು ಬಿಡುತ್ತವೆ. ಬಟ್ಟೆ ಒಣಹಾಕಿದ ತಂತಿ ಜೋತು ಬಿದ್ದು ಸೀರೆಯ ಅಂಚು ಮಣ್ಣಿಗೆ ತಾಗುತ್ತದೆಂದು ಹೆಂಗಸರು ಮೂರೂ ಮುಕ್ಕಾಲಿಗೇ ಬಟ್ಟೆ ಎತ್ತುತ್ತಾರೆ. ಸಂತೆಯಲ್ಲಿ ಕೋಳಿ ಮಾರುವವರು ಕೋಳಿಯ ಕಾಲಿನ ದಾರವನ್ನು ನಂಬದೆ ಬುಟ್ಟಿ ಬೋರಲು ಹಾಕಿ ಮೇಲೆ ಕೂರುತ್ತಾರೆ. ಬಸ್ಸು ಎಲ್ಲಿದ್ದರೆ ಅಲ್ಲಿಯೇ ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್ ಇಳಿದು ಚಕ್ರದ ನಟ್ಟುಗಳನ್ನು ಬಿಗಿದು ಹತ್ತುತ್ತಾನೆ. ಹೊಳೆಯ ತೂಗುಸೇತುವೆಗೆ ಮೂರೂ ಐವತ್ತರಿಂದ ನಾಲ್ಕೂ ಇಪ್ಪತ್ತರವರೆಗೆ ಸರಪಳಿ ಅಡ್ಡ ಹಾಕಿರುತ್ತಾರೆ. ಕುಸ್ತಿಯ ಕಣದಲ್ಲಿ ಮೂರೂವರೆಯ ಮೇಲೆ ಜೋಡಿ ಬಿಡುವುದಿಲ್ಲ. ಕಾರಣ ಹೇಳಬೇಕಾಗಿಲ್ಲ.

ಇದಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲ. ನಾಲ್ಕು ಎನ್ನುತ್ತೇವೆ, ಅಷ್ಟೇ. ಬೆರಳಿಗೆ ಉಂಗುರ ಸಿಕ್ಕಿಕೊಂಡರೆ, ಡಬ್ಬಿಯ ಮುಚ್ಚಳ ಬರದಿದ್ದರೆ, ಹೊಸ ಚಪ್ಪಲಿ ಕಚ್ಚಿದರೆ, ‘ನಾಲ್ಕಾಗಲಿ ತಡಿ’ ಎನ್ನುತ್ತಾರೆ. ಗಂಟು ಬಿಚ್ಚುವುದು ನಮಗೆ ಗೊತ್ತು. ಆದರೆ ಬಿಗಿಯಾದದ್ದನ್ನು ಬೇಕಾದಷ್ಟೇ, ಅಳತೆ ಹಿಡಿದು ಸಡಿಲಿಸುವುದು ಕೈಗೆ ಬಂದ ಕೆಲಸವಾಗಿರಲಿಲ್ಲ. ಅದನ್ನು ನಾಲ್ಕು ಮಾಡುತ್ತಿತ್ತು. ಜಗಳಗಳೂ ನಾಲ್ಕಕ್ಕೆ ಸಡಿಲವಾಗುತ್ತವೆ ಎನ್ನುವವರಿದ್ದರು. ಊರಿನ ವಾರಪತ್ರಿಕೆಯಲ್ಲಿ ನಾನು ಹನ್ನೊಂದು ವರ್ಷ ವರದಿಗಾರನಾಗಿದ್ದೆ. ಆ ಮಾತಿಗೆ ನನಗೆ ಆಧಾರ ಸಿಗಲಿಲ್ಲ.

ಈಗ ನಾನಿರುವ ಊರಿನಲ್ಲಿ ನಾಲ್ಕು ಗಂಟೆ ಎಂದರೆ ಚಹಾದ ಹೊತ್ತು, ಬೇರೇನಲ್ಲ. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಆದರೂ ಆ ಹೊತ್ತಿಗೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ನಾಲ್ಕಾದ ಮೇಲೆ ಊರಿಡೀ ಏಳುತ್ತಿದ್ದ ಸದ್ದು ನೆನಪಾಗುತ್ತದೆ: ಮಂಚದ ನವಾರು ಪಟ್ಟಿ ಎಳೆಯುವ ಸದ್ದು, ಸೈಕಲ್ ಅಂಗಡಿಯ ಪಾನಾ ತಿರುಗುವ ಸದ್ದು, ಮನೆ ಮನೆಯಲ್ಲೂ ಯಾರೋ ಏನನ್ನೋ ಮತ್ತೆ ಬಿಗಿಯುವ ಸದ್ದು. ಐದಕ್ಕೆ ಅದು ನಿಲ್ಲುತ್ತಿತ್ತು. ಭಾನುವಾರವಾದರೆ ಆಗ ಕೆರೆಯ ಕಟ್ಟೆಯ ಮೇಲೆ ನಮ್ಮ ಬ್ಯಾಂಡು ಶುರುವಾಗುತ್ತಿತ್ತು.

ಬ್ಯಾಂಡಿನಲ್ಲಿ ಒಂಬತ್ತು ಜನ. ನಾನು ಅಕಾರ್ಡಿಯನ್ ನುಡಿಸುತ್ತಿದ್ದೆ. ರಾಚಪ್ಪ ಟ್ರಂಪೆಟ್ ಊದುತ್ತಿದ್ದ; ಹಗಲು ಅವನದು ಹಿಟ್ಟಿನ ಗಿರಣಿ. ಡ್ರಮ್ ಬಾರಿಸುತ್ತಿದ್ದವರು ಎಸ್ತೇರ್ ಟೀಚರ್. ಮಿಷನ್ ಶಾಲೆಯಲ್ಲಿ ಡ್ರಿಲ್ ಕಲಿಸುತ್ತಿದ್ದರು. ಮಕ್ಕಳ ಕವಾಯತಿಗೆ ಕೊರಳಿಗೆ ಹಾಕಿಕೊಂಡು ಬಾರಿಸುವ ಡ್ರಮ್ಮಿನಿಂದ ಶುರು ಮಾಡಿ, ಪಾದ್ರಿಯೊಬ್ಬರು ಊರು ಬಿಡುವಾಗ ಚರ್ಚಿಗೆ ಕೊಟ್ಟುಹೋದ ಪೂರ್ತಿ ಸೆಟ್ಟಿನವರೆಗೆ ತಾವೇ ಕಲಿತವರು. ಆ ಸೆಟ್ಟಿನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಬೇಸ್ ಡ್ರಮ್, ತಳದಲ್ಲಿ ಸುರುಳಿ ತಂತಿಗಳಿದ್ದ ಸ್ನೇರ್, ಒಂದು ಸಣ್ಣ ಟಾಮ್, ಒಂದು ದೊಡ್ಡ ಟಾಮ್ ಮತ್ತು ಎರಡು ಸಿಂಬಲ್ಲುಗಳಿದ್ದವು. ಅವುಗಳ ಹದ ನೋಡಿಕೊಳ್ಳುತ್ತಿದ್ದವರು ಟೀಚರ ಗಂಡ ದೇವದಾನಣ್ಣ. ಅವರ ಕಸುಬು ಮಂಚಕ್ಕೆ ನವಾರು ಹಾಕುವುದು. ಹದಿನೈದನೆಯ ವಯಸ್ಸಿನಿಂದ ಚರ್ಚಿನ ಡ್ರಮ್ಮುಗಳಿಗೂ ಅವರೇ ತೊಗಲು ಕೂರಿಸುತ್ತಿದ್ದರು. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಬಂದು ಎಷ್ಟೋ ವರ್ಷವಾಗಿತ್ತು. ನಾವು ಅದನ್ನೂ ತೊಗಲು ಎಂದೇ ಕರೆಯುತ್ತಿದ್ದೆವು.

ಅವರ ಕೆಲಸದ ಗುಟ್ಟು ಇಷ್ಟೇ. ಬ್ಯಾಂಡು ಐದಕ್ಕೆ; ಉಳಿದ ದಿನ ಟೀಚರ ಅಭ್ಯಾಸವೂ ಐದಕ್ಕೇ. ನಾಲ್ಕಾದ ಮೇಲೆ ತೊಗಲು ಬಿಗಿಯಲು ಕುಳಿತರೆ ಐದಕ್ಕೆ ಮುಗಿಯುವುದಿಲ್ಲ. ಆದ್ದರಿಂದ ದಿನಾ ಮೂರಕ್ಕೇ ಎಲ್ಲ ಬೋಲ್ಟುಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿದು ಇಡುತ್ತಿದ್ದರು. ಆಗ ಬಾರಿಸಿದರೆ ಡ್ರಮ್ಮು ತಗಡಿನ ಹಾಗೆ ಕಿರುಚುತ್ತಿತ್ತು. ನಾಲ್ಕಕ್ಕೆ ಊರಿನ ಜೊತೆ ಅದೂ ಇಳಿದು, ಬೇಕಾದ ಸ್ವರಕ್ಕೆ ಬಂದು ನಿಲ್ಲುತ್ತಿತ್ತು. ಎಷ್ಟು ಹೆಚ್ಚು ಬಿಗಿಯಬೇಕು ಎನ್ನುವುದೇ ವಿದ್ಯೆ. ಸಾಮಾನ್ಯವಾಗಿ ಒಂದೂಕಾಲು ಸುತ್ತು. ಹೊಸ ತೊಗಲಿಗೆ ಒಂದೂವರೆ. ಮಳೆಗಾಲದಲ್ಲಿ ಅರ್ಧ ಕೂದಲಿನಷ್ಟು ಕಡಿಮೆ. ಅರ್ಧ ಕೂದಲು ಎಂದರೆ ಎಷ್ಟು ಎಂದು ಒಮ್ಮೆ ಕೇಳಿದ್ದೆ.

“ಅದು ಬರಿಯೂದಲ್ಲ ತಮ್ಮಾ. ಇಲ್ಲಿ ಕುಂತು ನೋಡೂದು” ಎಂದಿದ್ದರು.

ಆ ವರ್ಷದ ಏಪ್ರಿಲ್‌ನಲ್ಲಿ ರೇಡಿಯೊ ಕೇಂದ್ರದ ಒಂದು ಪ್ರಕಟಣೆ ಬಂತು. ಸುಗಮ ಸಂಗೀತದ ತಂಡಕ್ಕೆ ಡ್ರಮ್ ಬಾರಿಸುವವರೊಬ್ಬರು ಬೇಕು. ಪರೀಕ್ಷೆಯ ದಿನಕ್ಕೆ ವಯಸ್ಸು ನಲವತ್ತು ತುಂಬಿರಬಾರದು. ವಾದ್ಯ ತಾವೇ ತರಬೇಕು. ಒಮ್ಮೆ ತೇರ್ಗಡೆಯಾಗದವರು ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಟೀಚರಿಗೆ ಆಗಸ್ಟ್ ಹನ್ನೊಂದಕ್ಕೆ ನಲವತ್ತು ತುಂಬುವುದಿತ್ತು. ಪರೀಕ್ಷೆ ಜುಲೈ ಇಪ್ಪತ್ಮೂರಕ್ಕೆ. ಪ್ರಕಟಣೆಯನ್ನು ಪತ್ರಿಕೆಯಲ್ಲಿ ಹಾಕಿದವನು ನಾನು, ಅವರಿಗೆ ಓದಿ ಹೇಳಿದವನೂ ನಾನೇ. ಅವರು ಎರಡು ಸಲ ಓದಿಸಿದರು.

“ಹತ್ತೊಂಬತ್ತು ದಿನ ಉಳಿತೈತಿ” ಎಂದರು. “ಇದೊಂದ ಸಲ ತಮ್ಮಾ. ಆಮ್ಯಾಲೆ ನಾನು ಡ್ರಿಲ್ ಟೀಚರ ಆಗೇ ಸಾಯೂದು.”

“ಡ್ರಿಲ್ ಟೀಚರ್ ಆಗಿ ಸಾಯೂದು ಏನ್ ಕೆಟ್ಟದ್ದ?” ಎಂದರು ದೇವದಾನಣ್ಣ, ನವಾರಿನ ಉಂಡೆ ಬಿಚ್ಚುತ್ತ.

“ಕೆಟ್ಟದ್ದಲ್ಲರಿ. ಆದ್ರ ಇಪ್ಪತ್ತ ವರ್ಷ ಎಡಗಾಲು ಬಲಗಾಲು ಅಂತ ಬಾರಿಸೇನಿ. ಒಂದ್ಸಲ ಕುಂತು ಕೇಳೂ ಮಂದಿಗೆ ಬಾರಿಸಬೇಕು.”

ದೇವದಾನಣ್ಣ ನವಾರಿನ ಉಂಡೆ ಕೆಳಗಿಟ್ಟರು. ಮರುದಿನವೇ ಹೊಸ ತೊಗಲು ನೋಡಲು ಹೊರಟರು.

ಊರಿನಲ್ಲಿ ಡ್ರಮ್ಮಿನ ತೊಗಲು ತರಿಸುತ್ತಿದ್ದುದು ಒಂದೇ ಅಂಗಡಿ, ಹಾರ್ಮೋನಿಯಂ ರಿಪೇರಿಯ ಪುಟ್ಟಸಾ ಅವರದು. ಅವರು ಏಳು ತೊಗಲು ತರಿಸಿ ಮೇಜಿನ ಮೇಲೆ ಹರಡಿದ್ದರು. ಕೆಲವು ಗಾಜಿನ ಹಾಗೆ ಪಾರದರ್ಶಕ, ಕೆಲವು ಸುಣ್ಣ ಬಳಿದಂತೆ ಬಿಳಿ. ದೇವದಾನಣ್ಣ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಳೆಯ ಹಾಗಿದ್ದ ಅದರ ಅಂಚನ್ನು ಮೇಜಿನ ಮೇಲೆ ಚಕ್ರದಂತೆ ಉರುಳಿಸಿದರು, ಓಲಾಡಿದರೆ ಪಕ್ಕಕ್ಕಿಟ್ಟರು. ನಂತರ ಅಂಚನ್ನು ಎರಡು ಬೆರಳಲ್ಲಿ ತೂಗಿ ಹಿಡಿದು ನಡುವೆ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು.

“ಇದು ಬ್ಯಾಡ” ಎಂದು ಪಾರದರ್ಶಕವಾದದ್ದನ್ನು ಸರಿಸಿದರು.

“ಯಾಕ್ರಿ? ಅದರಾಗ ದನಿ ಜಾಸ್ತಿ ಬರ್ತೈತಿ. ಈಗ ಎಲ್ಲಾರೂ ಅದನ್ನ ಒಯ್ತಾರ” ಎಂದರು ಪುಟ್ಟಸಾ.

“ಎಲ್ಲಾರೂ ಅಂದ್ರ ಯಾರು? ಊರಾಗ ಡ್ರಮ್ ಬಾರಸಾವರು ಒಬ್ರ ಇದ್ದಾರ.”

“ಮಾತಿಗೆ ಅಂದೆ.”

“ಇದು ನಾಲ್ಕಕ್ಕ ಇಳಿಯಂಗಿಲ್ಲ ಪುಟ್ಟಸಾ. ಬೀಳ್ತೈತಿ. ಬಿಳೀದು ಮೆಟ್ಟಲಾ ಇಳಿದಂಗ ಇಳೀತೈತಿ.”

ಏಳರಲ್ಲಿ ನಾಲ್ಕು ಆರಿಸಿದರು. ಎಲ್ಲವೂ ಬಿಳಿ, ಎಲ್ಲವೂ ಡ್ರಮ್ಮುಗಳ ಮೇಲ್ಬದಿಗೆ; ತಳದ ಬದಿಯ ತೊಗಲುಗಳು ಹಳೆಯವೇ ಸಾಕೆಂದರು. ಕೂರಿಸಲು ಎರಡು ದಿನ ತೆಗೆದುಕೊಂಡರು. ಹಳೆಯ ತೊಗಲು ತೆಗೆದು ಡ್ರಮ್ಮಿನ ಮರದ ಪೀಪಾಯಿಯ ಬಾಯಿಯನ್ನು ಒಣಬಟ್ಟೆಯಲ್ಲಿ ಒರೆಸಿದರು. ಅಂಚಿನ ಸುತ್ತ ಮೇಣದಬತ್ತಿ ಉಜ್ಜಿದರು. ತೊಗಲು ಇಟ್ಟು, ಮೇಲೆ ಕಬ್ಬಿಣದ ಬಳೆ ಇಟ್ಟು, ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿದರು. ಆಮೇಲೆ ಬೋಲ್ಟು ತಿರುಗಿಸುವ ಕೀಲಿ ಹಿಡಿದರು. ಒಂದು ಬೋಲ್ಟು ತಿರುಗಿಸಿದರೆ ಮುಂದಿನದು ಅದರ ಪಕ್ಕದ್ದಲ್ಲ, ಎದುರಿನದು. ಪ್ರತಿ ಸಲ ಅರ್ಧ ಸುತ್ತು. ಸುತ್ತು ಮುಗಿದ ಮೇಲೆ ಅಂಗೈಯನ್ನು ನಡುವೆ ಇಟ್ಟು ಮೈಭಾರ ಹಾಕಿ ಒತ್ತಿದಾಗ ಅಂಚಿನ ಅಂಟು ಚಟಚಟ ಎಂದಿತು. “ಹ್ಞಾ, ಈಗ ಕುಂತಿತು” ಎಂದರು. ಕೊನೆಗೆ ಪ್ರತಿ ಬೋಲ್ಟಿನಿಂದ ಒಂದು ಅಂಗುಲ ಒಳಗೆ ಕೋಲಿನಿಂದ ತಟ್ಟಿ ನೋಡಿದರು. ಎಲ್ಲ ಕಡೆ ಒಂದೇ ದನಿ ಬರುವವರೆಗೆ ಬಿಡಲಿಲ್ಲ. ತಟ್ಟುವಾಗ ಟೀಚರು ಅಡುಗೆಮನೆಯಿಂದಲೇ “ಮೂರನೇದು ಕೆಳಗೈತಿ” ಎನ್ನುತ್ತಿದ್ದರು. ಮೂರನೆಯದು ಕೆಳಗೇ ಇರುತ್ತಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿನ ಮೇಲೆ ಸೆಟ್ಟು ಕಟ್ಟಿ ಹೊರಟೆವು. ಜೊತೆಗೆ ನುಡಿಸಲು ಇಬ್ಬರನ್ನು ಕರೆತರಬಹುದಿತ್ತು; ಅದಕ್ಕೆ ರಾಚಪ್ಪ ಮತ್ತು ನಾನು. ದೇವದಾನಣ್ಣನಿಗೆ ಅದು ಊರಿನ ಗಡಿಕಲ್ಲು ದಾಟಿದ ಮೂರನೆಯ ಪ್ರಯಾಣ. ಮೊದಲ ಎರಡರಲ್ಲೂ ಮೂರು ಗಂಟೆಯೊಳಗೆ ಮನೆಗೆ ಬಂದಿದ್ದರಂತೆ.

ಕೇಂದ್ರದ ವರಾಂಡದ ಗೋಡೆಗೆ ಪಟ್ಟಿ ಅಂಟಿಸಿದ್ದರು. ಟೀಚರ ಹೆಸರಿನ ಮುಂದೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಎಂದಿತ್ತು. ದೇವದಾನಣ್ಣ ಬೇವಿನ ಮರದ ಕಡೆಯ ಮೂಲೆಯಲ್ಲಿ ಸೆಟ್ಟು ಜೋಡಿಸಿ ಒಂದೂವರೆಗೆ ಕೀಲಿ ಹಿಡಿದರು. ಆ ದಿನದ ನನ್ನ ಟಿಪ್ಪಣಿ ಪುಸ್ತಕ ಈಗಲೂ ನನ್ನ ಬಳಿ ಇದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘2.50. ಎಲ್ಲ ನಾಲ್ಕೂ ಡ್ರಮ್ ಸಿದ್ಧ. ಒಂದೂಕಾಲು ಮೇಲೆ.’ ಬರೆಯುವಾಗ ನನಗೆ ಏನೂ ಅನಿಸಲಿಲ್ಲ. ಟೀಚರು ಬಂದು ಸಣ್ಣ ಟಾಮನ್ನು ಬೆರಳಿನಿಂದ ತಟ್ಟಿದರು.

“ಮೇಲೈತಲ್ಲರಿ.”

“ಇರ್ಲಿ. ನಾಲ್ಕಕ್ಕ ಬರ್ತೈತಿ.”

“ಹ್ಞೂ” ಎಂದು ಅವರು ತಮ್ಮ ಕೋಲುಗಳನ್ನು ಒರೆಸಲು ಹೋದರು.

ಹೊರಗಿನ ಊರುಗಳಲ್ಲಿ ನಾಲ್ಕಕ್ಕೆ ಏನೂ ಆಗುವುದಿಲ್ಲ ಎಂಬುದು ನಮಗೆ ಗೊತ್ತಿತ್ತು. ಆ ಬಗ್ಗೆ ನಾನು ಒಂದೂವರೆ ಕಾಲಂ ಲೇಖನವನ್ನೇ ಬರೆದಿದ್ದೆ. ರಾಚಪ್ಪನ ತಂಗಿಯನ್ನು ಹೊರಗಿನ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಟೀಚರು ಮೂರು ವರ್ಷ ಹೊರಗೆ ಓದಿದವರು. ಆದರೂ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇದನ್ನು ಕೇಳಿದವರು ಈಗಲೂ ನಂಬುವುದಿಲ್ಲ.

ಒಳಗಿನ ಯಾವುದೋ ಕೋಣೆಯಲ್ಲಿ ನಾಲ್ಕರ ಸಮಯ ಸೂಚಿಸುವ ಸದ್ದು ಕೇಳಿತು. ನಾವು ಎದ್ದೆವು. ರಾಚಪ್ಪ ಮತ್ತು ನಾನು ಪ್ಯಾಂಟಿನ ಸೊಂಟ ಹಿಡಿದೆವು, ದೇವದಾನಣ್ಣ ಧೋತರದ ಗಂಟು, ಟೀಚರು ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ತುರುಬು. ನಮ್ಮ ಪಕ್ಕದ ಬೆಂಚಿನಲ್ಲಿ ತಬಲಾ ಇಟ್ಟುಕೊಂಡು ಕುಳಿತಿದ್ದ ಹಿರಿಯರೊಬ್ಬರು ಗಾಬರಿಯಾಗಿ ತಾವೂ ಎದ್ದರು.

“ಯಾರ್ರಿ, ಸಾಹೇಬ್ರು ಬಂದ್ರೇನು?” ಎಂದು ಪಿಸುಗುಟ್ಟಿದರು.

“ಇಲ್ರಿ, ನಾಲ್ಕಾತು” ಎಂದ ರಾಚಪ್ಪ.

ಅವರು ಗಡಿಯಾರ ನೋಡಿದರು, ನಮ್ಮನ್ನು ನೋಡಿದರು, ತಬಲಾವನ್ನು ತಮ್ಮ ಕಡೆಗೆ ಎಳೆದುಕೊಂಡು ಕುಳಿತರು. ಸುಮಾರು ಅರ್ಧ ನಿಮಿಷ ನಾವು ಹಾಗೆಯೇ ನಿಂತಿದ್ದೆವು. ನನ್ನ ಬೆಲ್ಟು ಬಿಗಿಯಾಗಿಯೇ ಇತ್ತು. ಮೊದಲು ಕೈ ಬಿಟ್ಟವರು ಟೀಚರು. ಹೋಗಿ ಸಣ್ಣ ಟಾಮಿಗೆ ಕೋಲಿನಿಂದ ಒಂದು ಪೆಟ್ಟು ಕೊಟ್ಟರು. ಎಣ್ಣೆಯ ಡಬ್ಬಿಗೆ ಕಲ್ಲು ಬಿದ್ದ ಹಾಗೆ ಸದ್ದಾಯಿತು. ದೊಡ್ಡ ಟಾಮೂ ಹಾಗೆಯೇ. ಸ್ನೇರ್ ಕಿರುಚಿತು.

“ಇದು ನಮ್ಮೂರಲ್ಲರಿ” ಎಂದರು.

ದೇವದಾನಣ್ಣ ಕೀಲಿಯನ್ನು ಸಣ್ಣ ಟಾಮಿನ ಒಂದು ಬೋಲ್ಟಿಗೆ ಹಾಕಿದರು. ಎಡಕ್ಕೆ ತಿರುಗಿಸಬೇಕಿತ್ತು. ಮೂವತ್ತೊಂದು ವರ್ಷದ ಕೆಲಸದಲ್ಲಿ ಅವರು ಎಡಕ್ಕೆ ತಿರುಗಿಸಿದ್ದು ಹಳೆಯ ತೊಗಲನ್ನು ಪೂರ್ತಿ ತೆಗೆಯುವಾಗ ಮಾತ್ರ. ಮಣಿಕಟ್ಟು ತಿರುಗಿತು, ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯಲಿಲ್ಲ. ಬೋಲ್ಟು ಒಮ್ಮೆಲೇ ಬಿಟ್ಟು ತೊಗಲಿನ ಒಂದು ಬದಿ ಸುಕ್ಕಾಯಿತು. ಎದುರಿನದನ್ನು ಬಿಡಲು ಹೋದರು. ಅದು ಇನ್ನೂ ಹೆಚ್ಚು ಬಿಟ್ಟಿತು. ತಟ್ಟಿದರೆ ಒಂದು ಕಡೆ ಹಪ್ಪಳ, ಇನ್ನೊಂದು ಕಡೆ ತಗಡು.

“ನಿಮಗ ಗೊತ್ತಿರಲಿಲ್ಲೇನು?” ಟೀಚರ ದನಿ ಮೆಲ್ಲಗಿತ್ತು, ಅದಕ್ಕೇ ಭಯವಾಯಿತು.

“ಗೊತ್ತಿತ್ತು.”

“ಮತ್ತ?”

“ನನಗ ಗೊತ್ತಿತ್ತು ಎಸ್ತೇರ. ಈ ಕೈಗೆ ಗೊತ್ತಿರಲಿಲ್ಲ.”

ನಾನು ಒಳಗೆ ಓಡಿದೆ. ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿ ಶ್ರೀಮತಿ ಇನಾಮದಾರ ಕನ್ನಡಕ ತೆಗೆಯದೆ ನನ್ನ ಮಾತು ಕೇಳಿದರು. ಅರ್ಧ ಗಂಟೆ ಸಮಯ ಬೇಕು, ವಾದ್ಯದ ಹದ ತಪ್ಪಿದೆ ಎಂದೆ. ಕಾರಣ ಹೇಳಲಿಲ್ಲ; ಹೇಳಿದ್ದರೆ ಹೊರಗೆ ಹಾಕುತ್ತಿದ್ದರು.

“ನಾಲ್ಕೂ ನಲವತ್ತಕ್ಕೆ ಸ್ಟುಡಿಯೊ ವಾರ್ತೆಯವರಿಗೆ ಬಿಡಬೇಕು” ಎಂದರು. “ನಾಲ್ಕೂ ಇಪ್ಪತ್ತಕ್ಕೆ ಬರದಿದ್ದರೆ ನಾನು ಗೈರುಹಾಜರಿ ಅಂತ ಬರೆಯಬೇಕಾಗುತ್ತದೆ. ನಿಯಮ ನಾನು ಮಾಡಿದ್ದಲ್ಲ.”

ಹೊರಗೆ ಬಂದಾಗ ನಾಲ್ಕು ಗಂಟೆ ಏಳು ನಿಮಿಷ. ದೇವದಾನಣ್ಣ ಮೂರನೆಯ ಬೋಲ್ಟಿನಲ್ಲಿದ್ದರು, ಟಾಮು ಇನ್ನಷ್ಟು ಕೆಟ್ಟಿತ್ತು. ಅವರ ಹಣೆಯ ಬೆವರು ಬಿಳಿ ತೊಗಲಿನ ಮೇಲೆ ಬೀಳುತ್ತಿತ್ತು. ರಾಚಪ್ಪ ಒಂದೂ ತಮಾಷೆ ಮಾಡದೆ ನಿಂತಿದ್ದ. ಟೀಚರು ನೆಲದ ಮೇಲೆ ಗಂಡನ ಎದುರು ಮಂಡಿಯೂರಿ ಕುಳಿತರು.

“ಬಿಚ್ಚಿ ಬಿಡ್ರಿ” ಎಂದರು.

“ಏನು?”

“ಪೂರ್ತಿ ಬಿಚ್ಚಿ ಬಿಡ್ರಿ. ನಿಮಗ ಇಳ್ಯಾಕ ಬರಂಗಿಲ್ಲ. ಏರಾಕ ಬರ್ತೈತಿ. ಕೆಳಗಿಂದ ಏರ್ರಿ.”

“ಎಲ್ಲಿ ನಿಂದ್ರಬೇಕು ಅಂತ ನನಗ್ಹೆಂಗ ತಿಳೀತೈತಿ? ನಾ ಯಾವಾಗ್ಲೂ ಅದನ್ನ ದಾಟಿ ಹೋಗಾವ.”

“ನನಗ ತಿಳೀತೈತಿ. ದಿನಾ ನಾಲ್ಕಕ್ಕ ಕೇಳೇನಿ. ನಾ ಹೇಳ್ತೀನಿ, ನೀವು ಬರ್ರಿ.”

ನಮ್ಮಲ್ಲಿ ಕೀಲಿಗಳು ಎರಡಿದ್ದವು. ಪೂರ್ತಿ ಬಿಚ್ಚಲು ಅಳತೆ ಬೇಡ, ಆ ಕೆಲಸ ನನಗೂ ಬರುತ್ತಿತ್ತು. ಅವರು ಸಣ್ಣ ಟಾಮನ್ನು ಕೂರಿಸುವಾಗ ನಾನು ದೊಡ್ಡದನ್ನು ಬಿಚ್ಚಿದೆ. ಬೋಲ್ಟುಗಳು ಉರುಳಿ ಹೋಗದಂತೆ ರಾಚಪ್ಪ ತನ್ನ ಟೋಪಿ ಹಿಡಿದ. ತೊಗಲು, ಬಳೆ, ಬೆರಳಿನಿಂದ ಬೋಲ್ಟು, ಆಮೇಲೆ ಕೀಲಿ, ಎದುರುಬದುರು, ಅರ್ಧರ್ಧ ಸುತ್ತು. ಇಲ್ಲಿ ದೇವದಾನಣ್ಣನ ಕೈ ಮತ್ತೆ ಅವರದಾಯಿತು. ಅಷ್ಟು ವೇಗವಾಗಿ ಕೆಲಸ ಮಾಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಟೀಚರು ಕಣ್ಣು ಮುಚ್ಚಿ ಮೂಗಿನಲ್ಲೇ ಆ ಡ್ರಮ್ಮಿನ ಸ್ವರ ಹಿಡಿದಿದ್ದರು. ಒಂದು ಕೈಯ ಬೆರಳಿನಿಂದ ತೊಗಲು ತಟ್ಟುತ್ತಿದ್ದರು. ದನಿ ಕೆಳಗಿನಿಂದ ಏರುತ್ತ ಏರುತ್ತ ಅವರ ದನಿಯ ಹತ್ತಿರ ಬಂತು, ಕೂಡಿತು.

“ಸಾಕು.”

ಕೀಲಿ ನಿಲ್ಲಲಿಲ್ಲ. ಇನ್ನೂ ಒಂದೂಕಾಲು ಸುತ್ತು ಹೋಗುವ ಅಭ್ಯಾಸ ಅದಕ್ಕೆ. ಟೀಚರು ಗಂಡನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು.

“ಸಾಕು ಅಂದೆ.”

“ಇನ್ನೊಂದ ಸ್ವಲ್ಪ—”

“ಇಲ್ಲಿ ನಾಲ್ಕು ಬರಂಗಿಲ್ಲರಿ. ಇಲ್ಲಿ ನಾನ ನಾಲ್ಕು.”

ಅವರು ಕೀಲಿ ತೆಗೆದರು. ಎರಡನೆಯ ಡ್ರಮ್ಮಿಗೂ ಟೀಚರು ಮಣಿಕಟ್ಟು ಹಿಡಿಯಬೇಕಾಯಿತು. ಮೂರನೆಯದು ಸ್ನೇರ್, ಅದಕ್ಕೆ ‘ಸಾಕು’ ಎಂದ ಕೂಡಲೇ ಕೀಲಿ ತಾನಾಗಿ ನಿಂತಿತು. ಪಕ್ಕದ ಬೆಂಚಿನ ತಬಲಾದವರು ಅಷ್ಟು ಹೊತ್ತಿಗೆ ನಮ್ಮ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. “ಭಲೆ, ಹಿಡೀತ್ರಿ, ಸ್ವರ ಹಿಡೀತು” ಎನ್ನುತ್ತಿದ್ದರು. ನಾಲ್ಕೂ ಹತ್ತೊಂಬತ್ತಕ್ಕೆ ಜವಾನ ಬಂದು ಹೆಸರು ಕೂಗಿದ. ಬೇಸ್ ಡ್ರಮ್ಮಿಗೆ ಸಮಯ ಉಳಿದಿರಲಿಲ್ಲ. ರಾಚಪ್ಪ ತಾನು ತೊಟ್ಟಿದ್ದ ಮದುವೆಯ ಕೋಟು ತೆಗೆದು ಉಂಡೆ ಮಾಡಿ, ದನಿ ಅಡಗಲೆಂದು ಅದರ ಮುಖಕ್ಕೆ ಒತ್ತಿ ಕಟ್ಟಿದ. ಪೀಪಾಯಿಗಳ ತಳದ ತೊಗಲುಗಳನ್ನೂ ಮುಟ್ಟಲಿಲ್ಲ. ಅವು ಒಂದೂಕಾಲು ಸುತ್ತು ಮೇಲೆಯೇ ಉಳಿದವು.

ಪರೀಕ್ಷೆ ಎಂಟು ನಿಮಿಷ ನಡೆಯಿತು. ಮೂರು ನಡೆಗಳನ್ನು ಬಾರಿಸಲು ಹೇಳಿದರು: ಒಂದು ನಿಧಾನದ ಭಾವಗೀತೆಗೆ, ಒಂದು ವಾಲ್ಟ್ಸ್ ಲಯಕ್ಕೆ, ಒಂದು ವೇಗದ್ದು. ಗಾಜಿನ ಆಚೆ ಶ್ರೀಮತಿ ಇನಾಮದಾರ ಮತ್ತು ಇನ್ನಿಬ್ಬರು ಕುಳಿತಿದ್ದರು. ದೇವದಾನಣ್ಣನನ್ನು ಒಳಗೆ ಬಿಡಲಿಲ್ಲ. ಬಾಗಿಲಿನ ಸಣ್ಣ ಕಿಂಡಿಯಲ್ಲಿ ಅವರ ಮುಖದ ಅರ್ಧ ಕಾಣುತ್ತಿತ್ತು. ಮೊದಲ ಪೆಟ್ಟಿಗೇ ನಾನು ಸ್ವರ ತಪ್ಪುವುದರಲ್ಲಿದ್ದೆ. ಅದು ನಮ್ಮ ಡ್ರಮ್ಮಿನ ದನಿ, ಆದರೆ ಪೂರ್ತಿ ನಮ್ಮದಲ್ಲ. ಮೇಲಿನ ತೊಗಲು ನಮ್ಮ ಕೆರೆಯ ಕಟ್ಟೆಯ ಸ್ವರವನ್ನೇ ಹೇಳಿತು. ತಳದ ತೊಗಲು ಬಿಗಿಯಾಗಿದ್ದುದರಿಂದ ಆ ಸ್ವರ ಸಾಯುವಾಗ ಕೊಂಚ ಮೇಲಕ್ಕೆ ನೋಡಿದ ಹಾಗೆ ಕೇಳಿತು. ಟೀಚರೂ ಅದನ್ನು ಕೇಳಿಸಿಕೊಂಡರು. ಎರಡನೆಯ ನಡೆಯಲ್ಲಿ ಪೆಟ್ಟುಗಳ ನಡುವೆ ಹೆಚ್ಚು ಜಾಗ ಬಿಟ್ಟರು, ಆ ಏರುವ ತುದಿ ಕೇಳಲೆಂದು. ಮೂರನೆಯದರಲ್ಲಿ ನಮ್ಮಿಬ್ಬರನ್ನೂ ಮರೆತರು. ಕವಾಯತಿನ ಟೀಚರು ಹಾಗೆ ನಗುತ್ತ ಬಾರಿಸಿದ್ದನ್ನು ನಾನು ಕಟ್ಟೆಯ ಮೇಲೂ ನೋಡಿರಲಿಲ್ಲ.

ಮುಗಿದ ಮೇಲೆ ಶ್ರೀಮತಿ ಇನಾಮದಾರ ಈಚೆ ಬಂದು ಸಣ್ಣ ಟಾಮನ್ನು ತಾವೇ ಒಮ್ಮೆ ತಟ್ಟಿದರು.

“ಇದರ ಹದ ಯಾರು ಮಾಡಿದ್ದು?”

“ನಮ್ಮ ಮನೆಯವರು.”

“ಎಷ್ಟು ದಿನಕ್ಕೊಮ್ಮೆ ಮಾಡ್ತಾರೆ?”

“ದಿನಾ ಮಾಡ್ತಾರ್ರಿ.”

“ದಿನಾ?” ಅವರು ಕನ್ನಡಕದ ಮೇಲಿನಿಂದ ನೋಡಿದರು. “ದಿನಾ ಯಾಕೆ?”

ಟೀಚರು ಹೇಳಲು ಬಾಯಿ ತೆರೆದರು. ಬಾಗಿಲಿನ ಕಿಂಡಿಯ ಕಡೆ ನೋಡಿದರು. “ಪ್ರೀತಿರಿ ಅವರಿಗೆ” ಎಂದರು.

ಬಸ್ಸಿನಲ್ಲಿ ಮರಳುವಾಗ ದೇವದಾನಣ್ಣ ಕಿಟಕಿಯ ಪಕ್ಕ ಕುಳಿತು ಕೈಯಲ್ಲಿ ಏನೂ ಇಲ್ಲದೆ ಮಣಿಕಟ್ಟನ್ನು ಎಡಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡುತ್ತಿದ್ದರು. “ಏನ್ ಕಾಕಾ, ಬಸ್ಸು ನೀವ ನಡಸಾಕತ್ತೀರೇನು?” ಎಂದ ರಾಚಪ್ಪ. ಟೀಚರು ನಕ್ಕರು. ದೇವದಾನಣ್ಣನೂ ನಕ್ಕರು, ಕೈ ನಿಲ್ಲಿಸಲಿಲ್ಲ. ಆ ವಾರದ ಪತ್ರಿಕೆಯಲ್ಲಿ ನಾನು ಆರು ಸಾಲಿನ ಸುದ್ದಿ ಹಾಕಿದೆ. ನಮ್ಮ ಊರಿನವರೊಬ್ಬರು ಬಿಗಿಯಾದದ್ದನ್ನು ಕೈಯಾರೆ ಅಳೆದು ಸಡಿಲಿಸಲು ಯತ್ನಿಸಿದ ಮೊದಲ ಪ್ರಸಂಗ ಇದು ಎಂದು ಬರೆದೆ. ಮುಂದಿನ ವಾರ ಓದುಗರೊಬ್ಬರು ಪ್ರತಿಭಟಿಸಿದರು: ತಮ್ಮ ಅಜ್ಜಿ ಬಹಳ ಹಿಂದೆಯೇ ಮೊಮ್ಮಗನ ಉಡಿದಾರವನ್ನು ಮಧ್ಯಾಹ್ನ ಎರಡಕ್ಕೆ ಬೇಕಾದಷ್ಟೇ ಸಡಿಲಿಸಿದ್ದರು, ಯಶಸ್ವಿಯಾಗಿ. ತಿದ್ದುಪಡಿ ಹಾಕಿದೆವು.

ಆಗಸ್ಟ್ ಹದಿನಾಲ್ಕಕ್ಕೆ ಪತ್ರ ಬಂತು. ಟೀಚರಿಗೆ ನಲವತ್ತು ತುಂಬಿ ಮೂರು ದಿನವಾಗಿತ್ತು. ಅವರು ಆಯ್ಕೆಯಾಗಿದ್ದರು. ಪ್ರತಿ ಸೋಮವಾರ ಧ್ವನಿಮುದ್ರಣ. ಸೆಟ್ಟನ್ನು ಕೇಂದ್ರದಲ್ಲಿಯೇ ಇಡಬಹುದು. ಶಾಲೆಯವರು ಸೋಮವಾರದ ಡ್ರಿಲ್ಲನ್ನು ಶನಿವಾರಕ್ಕೆ ಹಾಕಿಕೊಟ್ಟರು. ನಮ್ಮ ಬ್ಯಾಂಡಿಗೆ ಶಾಲೆಯ ಕವಾಯತಿನ ಡ್ರಮ್ಮೇ ಗತಿಯಾಯಿತು. ಭಾನುವಾರಗಳಂದು ಟೀಚರು ಅದನ್ನೇ ಕೊರಳಿಗೆ ಹಾಕಿಕೊಂಡು ನಿಂತು ಬಾರಿಸುತ್ತಿದ್ದರು.

ಮೊದಲ ಸೋಮವಾರ ದೇವದಾನಣ್ಣನೂ ಹೋದರು. ಟೀಚರು ಸ್ವರ ಹಿಡಿದರು, ಅವರು ಏರಿ ನಿಲ್ಲಿಸಿದರು, ಬೇಸ್ ಡ್ರಮ್ಮೂ ಸೇರಿ ಎಲ್ಲವೂ ಹದವಾಯಿತು. ಎರಡನೆಯ ಸೋಮವಾರ ಕೀಲಿ ತೆಗೆದು, ಒಂದೊಂದು ಬೋಲ್ಟಿನ ಬಳಿಯೂ ತಟ್ಟಿ ನೋಡಿದರು. ಹಿಂದಿನ ವಾರ ಬಿಟ್ಟಲ್ಲಿಯೇ ಇತ್ತು. ಯಾರಾದರೂ ಮುಟ್ಟಿದ್ದಾರೆಯೇ ಎಂದು ಜವಾನನನ್ನು ಕೇಳಿದರು. ಬೀಗ ಹಾಕಿತ್ತು ಎಂದ. ಮೂರನೆಯ ವಾರ ಬೋಲ್ಟುಗಳ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಬಂದರು; ನಾಲ್ಕನೆಯ ವಾರ ಒಂದು ಗೆರೆಯೂ ಸರಿದಿರಲಿಲ್ಲ. ಇದನ್ನೆಲ್ಲ ಅವರೇ ನನಗೆ ಹೇಳಿದರು, ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕುಳಿತು.

“ಕೆಟ್ಟಿದ್ರ ಚೊಲೊ ಆಗ್ತಿತ್ತ ಅಂತೀರೇನು?” ಎಂದು ಕೇಳಿದೆ.

“ಛೇ, ಅಕೀ ಬಾರಸೂದು ಕೇಳೀಯಿಲ್ಲೋ? ಕೆಡಬಾರದು” ಎಂದರು. ಮೆಟ್ಟಿಲಿನಿಂದ ಏಳುತ್ತ, “ಆದ್ರ ಒಂದ ಬೋಲ್ಟರ ಸರೀಬೇಕಿತ್ತ ನೋಡ ತಮ್ಮಾ” ಎಂದರು.

ಐದನೆಯ ಸೋಮವಾರ ಅವರು ಕೀಲಿ ಹೊರತೆಗೆಯದೆ ಕೇಂದ್ರದ ವರಾಂಡದ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತಿದ್ದು ಬಂದರು. ಆರನೆಯ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಟೀಚರನ್ನು ಮಾತ್ರ ಬಸ್ಸು ಹತ್ತಿಸಿ, ಬಸ್ಸು ತಿರುವು ದಾಟಿದ ಮೇಲೆ ಮನೆಗೆ ಹೋದರು.